ಫಂಕ್ಷನ್ ಬದಲಿಸಿದರೆ ಯಾರ‍್ಯಾರಿಗೆ ತಾಗುತ್ತದೆ ಅಂತ ಎಐಗೆ ತಿಳಿಸುವುದು ಹೇಗೆ? (ಅಡಿಕೆ ಮಂಡಿ ಬಿಲ್ಲಿಂಗ್, ಪೈಥಾನ್, 62 ಸಾವಿರ ಸಾಲು)

ತೋಟದಮನೆ ಕೇಳಿದ್ದು:

ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ನಾನು ಶಿರಸಿ ಕಡೆಯವನು. ಮನೆಯಿಂದಲೇ ಕೆಲಸ. ಮೂರು ಅಡಿಕೆ ಮಂಡಿಗಳು ಬಳಸುವ ಒಂದು ಬಿಲ್ಲಿಂಗ್ ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಬರೆದದ್ದು ನಾನಲ್ಲ. 2014ರಲ್ಲಿ ಬೇರೊಬ್ಬರು ಶುರು ಮಾಡಿದ್ದು, ನನ್ನ ಕೈಗೆ ಬಂದು ನಾಲ್ಕು ವರ್ಷ ಆಯಿತು. ಪೈಥಾನ್ ಭಾಷೆ, ಜ್ಯಾಂಗೊ ಅನ್ನುವ ವೆಬ್ ಚೌಕಟ್ಟು, ಪೋಸ್ಟ್‌ಗ್ರೆಸ್ ಡೇಟಾಬೇಸ್. ಬರೆದ ಪುಣ್ಯಾತ್ಮರು ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದಾರೆ, ಆದರೆ ಇಂಗ್ಲಿಷ್ ಅಕ್ಷರದಲ್ಲಿ: ಚೀಲ_ಕಡಿತ, ಹಮಾಲಿ, ದಲಾಲಿ, ಒಟ್ಟು, ಹಿಂದಿನ_ಬಾಕಿ. ಇಲ್ಲಿ ಓದಲು ಸುಲಭ ಆಗಲಿ ಅಂತ ಕನ್ನಡ ಲಿಪಿಯಲ್ಲೇ ಬರೆಯುತ್ತೇನೆ.

ಆದದ್ದು ಇಷ್ಟು. ಅಡಿಕೆ ತೂಗಿದ ಮೇಲೆ ಚೀಲದ ತೂಕ ಕಳೆಯಬೇಕು, ಅಲ್ವಾ? ಇಷ್ಟು ವರ್ಷ ಎಲ್ಲವೂ ಗೋಣಿಚೀಲ, ಚೀಲಕ್ಕೆ ಒಂದು ಕಿಲೋ ಅಂತ ಲೆಕ್ಕ. ಈಗ ಪ್ಲಾಸ್ಟಿಕ್ ಚೀಲವೂ ಬರುತ್ತಿದೆ. ಅದಕ್ಕೆ ಕಾಲು ಕಿಲೋ ಹಿಡಿಯಿರಿ ಅಂತ ಮಂಡಿಯವರು ಹೇಳಿದರು. ಸಣ್ಣ ಕೆಲಸ. ಎಐ ಅಸಿಸ್ಟೆಂಟ್‌ಗೆ ಹೇಳಿದೆ: ‘ಚೀಲ_ಕಡಿತ ಫಂಕ್ಷನ್‌ಗೆ ಚೀಲದ ಜಾತಿ ಅಂತ ಇನ್ನೊಂದು ಆರ್ಗ್ಯುಮೆಂಟ್ ಸೇರಿಸು, ಕರೆಯುವ ಕಡೆಯೆಲ್ಲ ಬದಲಿಸು.’

ಎರಡು ನಿಮಿಷದಲ್ಲಿ ಮುಗಿಸಿತು. ಫಂಕ್ಷನ್ ಹೆಸರು, ಅದರ ಮುಂದೆ ಆವರಣ ಚಿಹ್ನೆ ಹಾಕಿ ಗ್ರೆಪ್ ಮಾಡಿತು, ಅಂದರೆ ಫೈಲ್‌ಗಳಲ್ಲಿ ಆ ಅಕ್ಷರಗಳನ್ನು ಹುಡುಕಿತು. ಮೂರು ಕಡೆ ಸಿಕ್ಕಿತು. ಮೂರನ್ನೂ ಸರಿಯಾಗಿ ಬದಲಿಸಿತು. ‘ಹಳೆಯ ಕರೆಗಳು ಮುರಿಯದಿರಲಿ’ ಅಂತ ಗೋಣಿ ಅನ್ನುವುದನ್ನು ಡಿಫಾಲ್ಟ್ ಮಾಡಿತು (ಜಾತಿ ಹೇಳದಿದ್ದರೆ ಗೋಣಿ ಅಂತಲೇ ಹಿಡಿಯುವುದು). 48 ಟೆಸ್ಟ್ ಇವೆ, ಎಲ್ಲ ಪಾಸ್. ನಾನೂ ಡಿಫ್ (ಏನೇನು ಬದಲಾಗಿದೆ ಅನ್ನುವ ಪಟ್ಟಿ) ನೋಡಿದೆ, ಚೆನ್ನಾಗಿಯೇ ಇತ್ತು. ಕಳಿಸಿಬಿಟ್ಟೆ.

ತಿಂಗಳ ಕೊನೆಗೆ ಮುನೀಮರ ಫೋನ್. ಬಿಲ್ಲುಗಳನ್ನು ಕೂಡಿದರೆ ಒಂದು ತೂಕ, ತಿಂಗಳ ರಿಜಿಸ್ಟರಿನಲ್ಲಿ ಇನ್ನೊಂದು. ಆ ತಿಂಗಳು ಬಂದದ್ದು 312 ಪ್ಲಾಸ್ಟಿಕ್ ಚೀಲ. ಚೀಲಕ್ಕೆ ಮುಕ್ಕಾಲು ಕಿಲೋ ಜಾಸ್ತಿ ಕಳೆದರೆ 234 ಕಿಲೋ. ರಾಶಿ ಅಡಿಕೆ ಕ್ವಿಂಟಾಲಿಗೆ ನಲವತ್ತು ಸಾವಿರದ ಮೇಲಿರುವಾಗ ಇದು ಲಕ್ಷದ ಹತ್ತಿರದ ಲೆಕ್ಕ! ಪುಣ್ಯಕ್ಕೆ ರೈತರಿಗೆ ಕೊಟ್ಟ ಬಿಲ್ಲು ಸರಿಯಾಗಿತ್ತು. ರಿಜಿಸ್ಟರ್ ಮಾತ್ರ ತಪ್ಪು.

ಹುಡುಕಿದಾಗ ಗೊತ್ತಾಯಿತು, ಇನ್ನೂ ಎರಡು ಕಡೆ ಆ ಫಂಕ್ಷನ್ ಬಳಕೆಯಲ್ಲಿದೆ. ರೈತರ ವಾರ್ಷಿಕ ಖಾತೆಯ ಫೈಲ್‌ನಲ್ಲಿ ಅದನ್ನು ‘ಸಿಕೆ’ ಅನ್ನುವ ಅಡ್ಡಹೆಸರಿನಲ್ಲಿ ಇಂಪೋರ್ಟ್ ಮಾಡಿದ್ದಾರೆ. ಆವರಣ ಚಿಹ್ನೆ ಸೇರಿಸಿ ಹುಡುಕಿದರೆ ಅದೆಲ್ಲಿ ಸಿಗಬೇಕು? ಎರಡನೆಯದು ಇನ್ನೂ ಚೆಂದ. ಯಾವ ಮಂಡಿಗೆ ಯಾವ ಕಡಿತ, ಯಾವ ಕ್ರಮದಲ್ಲಿ ಅನ್ನುವುದು ಡೇಟಾಬೇಸಿನ ಒಂದು ಟೇಬಲ್‌ನಲ್ಲಿದೆ. ಫಂಕ್ಷನ್ ಹೆಸರೇ ಅಲ್ಲಿ ಅಕ್ಷರವಾಗಿ ಕೂತಿದೆ. ರಿಜಿಸ್ಟರ್ ಕೋಡ್ ಆ ಹೆಸರನ್ನು ಓದಿ, ಗೆಟ್‌ಆಟರ್ (ಹೆಸರು ಕೊಟ್ಟರೆ ಅದನ್ನು ಹುಡುಕಿಕೊಡುವ ಪೈಥಾನ್ ಸೌಲಭ್ಯ) ಮೂಲಕ ಫಂಕ್ಷನ್ ಎತ್ತಿಕೊಂಡು ಓಡಿಸುತ್ತದೆ. ಕೋಡ್ ಫೈಲ್‌ಗಳಲ್ಲಿ ಆ ಕರೆಯೇ ಇಲ್ಲ.

ಈಗ ನನ್ನ ಪ್ರಶ್ನೆ. ಅಸಿಸ್ಟೆಂಟ್ ಕೋಡನ್ನು ಬರೀ ಪಠ್ಯದ ಹಾಗೆ ಓದುತ್ತಿದೆ. ಯಾವುದು ಯಾವುದನ್ನು ಕರೆಯುತ್ತದೆ ಅನ್ನುವ ನಕ್ಷೆಯನ್ನು ಅದರ ಕೈಗೆ ಕೊಡಲು ದಾರಿ ಇದೆಯಾ? ನಾನೊಬ್ಬನೇ ಇರುವುದು. ದೊಡ್ಡ ಕಂಪನಿಗಳ ತರ ಸರ್ವರ್ ಎಲ್ಲ ಇಟ್ಟುಕೊಳ್ಳಲು ಆಗುವುದಿಲ್ಲ. ಈಗ ಮಳೆಗಾಲ ಬೇರೆ, ಕರೆಂಟ್ ಇದ್ದಾಗ ಮಾತ್ರ ಕೆಲಸ.

---

ರಾತ್ರಿಪಾಳಿ ಉತ್ತರ:

ಇಷ್ಟೆಲ್ಲ ಯಾಕೆ? ಈಗಿನ ಮಾಡೆಲ್‌ಗಳ ಕಾಂಟೆಕ್ಸ್ಟ್ (ಒಮ್ಮೆಗೆ ಓದಬಲ್ಲ ಪಠ್ಯ) ದೊಡ್ಡದಿದೆ. ಇಡೀ ಕೋಡ್ ಒಟ್ಟಿಗೇ ಸುರಿದುಬಿಡಿ. ಎಲ್ಲ ಕಣ್ಣ ಮುಂದೆ ಇದ್ದರೆ ತಪ್ಪುವುದು ಹೇಗೆ?

---

ತೋಟದಮನೆ ಉತ್ತರ:

ಲೆಕ್ಕ ಹಾಕಿ ನೋಡಿದೆ. ಸಾಲಿಗೆ ಹತ್ತು ಟೋಕನ್ (ಮಾಡೆಲ್ ಪಠ್ಯವನ್ನು ಎಣಿಸುವ ತುಣುಕು) ಅಂತ ಹಿಡಿದರೂ ಆರು ಲಕ್ಷ ದಾಟುತ್ತದೆ. ನಾನು ಬಳಸುವ ಮಾಡೆಲ್‌ಗೆ ಹಿಡಿಸುವುದು ಎರಡು ಲಕ್ಷ. ಹಿಡಿಸಿದರೂ ಪ್ರತಿ ಸಲ ಅಷ್ಟಕ್ಕೆ ದುಡ್ಡು ಕೊಡುವುದು ನಾನೇ, ಮಂಡಿಯವರಲ್ಲ 🙂 ಆಮೇಲೆ ಆ ಡೇಟಾಬೇಸ್ ಸಾಲು ಕೋಡ್‌ನಲ್ಲಿ ಇಲ್ಲವೇ ಇಲ್ಲ. ಎಷ್ಟು ಸುರಿದರೂ ಅದು ಕಾಣುವುದಿಲ್ಲ.

---

ಹಳೇ ಟರ್ಮಿನಲ್ ಉತ್ತರ:

ತೋಟದಮನೆಯವರೇ, ನಿಮ್ಮ ಪ್ರಶ್ನೆ ಎಐಗಿಂತ ತುಂಬಾ ಹಳೆಯದು. ನಾನು 2003ರಲ್ಲಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದಾಗ ಸಿ ಭಾಷೆಯ ದೊಡ್ಡದೊಂದು ಕೋಡ್ ಕೈಗೆ ಕೊಟ್ಟರು. ಅದರ ಜೊತೆಗೇ ಸಿಸ್ಕೋಪ್ ಕೊಟ್ಟರು. ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಹಳೆಯ ಸಾಧನ ಅದು. ಅದರ ಮೆನುವಿನಲ್ಲೇ ಒಂದು ಸಾಲು: ಈ ಫಂಕ್ಷನ್‌ ಅನ್ನು ಕರೆಯುವ ಫಂಕ್ಷನ್‌ಗಳನ್ನು ಹುಡುಕು. ನೀವು ಕೇಳುತ್ತಿರುವುದು ಅದನ್ನೇ. ನಮಗೆ ಆಗ ಸೀನಿಯರ್ ಹೇಳಿಕೊಟ್ಟ ಮೊದಲ ಪಾಠ, ‘ಬದಲಿಸುವ ಮೊದಲು ಯಾರು ಕರೆಯುತ್ತಾರೆ ನೋಡು’. ಎಐಗೆ ಈ ಪಾಠ ಯಾರೂ ಹೇಳಿಲ್ಲ ಅಂತಲ್ಲ, ನೋಡುವ ಕಿಟಕಿ ಕೊಟ್ಟಿಲ್ಲ ಅಷ್ಟೆ.

ನೀವು ಶಿರಸಿಯವರು, ಹಾಗಾಗಿ ನಿಮಗೆ ಹೀಗೆ ಹೇಳಿದರೆ ತಿಳಿಯುತ್ತದೆ. ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ನಿಂತು ‘ಹೆಗಡೇರೇ’ ಅಂತ ಕೂಗಿ ನೋಡಿ. ಇಪ್ಪತ್ತು ಜನ ತಿರುಗುತ್ತಾರೆ. ನಿಮಗೆ ಬೇಕಾದವರು ಅವತ್ತು ಮಫ್ಲರ್ ಸುತ್ತಿಕೊಂಡು, ಮೊಬೈಲ್ ಹಿಡಿದು ಕೂತಿದ್ದರೆ ತಿರುಗುವುದೇ ಇಲ್ಲ. ಗ್ರೆಪ್ ಅಂದರೆ ಇದು. ಹೆಸರು ಒಂದೇ ಇದ್ದವರೆಲ್ಲ ಬರುತ್ತಾರೆ, ಅಡ್ಡಹೆಸರಿನಲ್ಲಿ ಇದ್ದವರು ಬರುವುದಿಲ್ಲ.

ಟ್ರೀ-ಸಿಟರ್ ಅಂತ ಒಂದಿದೆ, ಗಿಟ್‌ಹಬ್‌ನವರು ಆಟಮ್ ಎಡಿಟರ್ ಕಾಲದಲ್ಲಿ ಮಾಡಿದ್ದು. ಅದು ಕೋಡನ್ನು ಮರದ ಆಕಾರಕ್ಕೆ ಬಿಡಿಸುತ್ತದೆ: ಇದು ಕ್ಲಾಸ್, ಇದರೊಳಗೆ ಈ ಫಂಕ್ಷನ್, ಇಲ್ಲಿಂದ ಇಲ್ಲಿಯವರೆಗೆ. ಕೋಡ್ ಅರ್ಧ ಬರೆದಿದ್ದರೂ, ಆವರಣ ಮುಚ್ಚದಿದ್ದರೂ ಮುನಿಸಿಕೊಳ್ಳುವುದಿಲ್ಲ. ಒಂದು ಅಕ್ಷರ ಬದಲಾದರೆ ಅಷ್ಟೇ ಭಾಗವನ್ನು ಮತ್ತೆ ಓದುತ್ತದೆ. ತುಂಬಾ ವೇಗ. ಆದರೆ ಅದಕ್ಕೆ ಗೊತ್ತಿರುವುದು ಇದು ಮನೆ, ಇದು ಕೊಟ್ಟಿಗೆ ಅನ್ನುವುದು. ಯಾವ ಹೆಗಡೆಯವರ ಮನೆ ಅನ್ನುವುದು ಗೊತ್ತಿಲ್ಲ. ‘ಸಿಕೆ’ ಅಂದರೆ ಆ ಫೈಲ್‌ನ ಚೀಲ_ಕಡಿತವೇ ಅಂತ ಅದು ತಾನಾಗಿ ಹೇಳುವುದಿಲ್ಲ.

ಅದನ್ನು ಹೇಳುವುದು ಲ್ಯಾಂಗ್ವೇಜ್ ಸರ್ವರ್. 2016ರಲ್ಲಿ ಮೈಕ್ರೋಸಾಫ್ಟ್, ರೆಡ್ ಹ್ಯಾಟ್, ಕೋಡೆನ್ವಿ ಸೇರಿ ಎಲ್‌ಎಸ್‌ಪಿ ಅನ್ನುವ ಒಪ್ಪಂದವನ್ನು ಹೊರಗೆ ತಂದರು. ಅದಕ್ಕೆ ಮೊದಲು ಪ್ರತಿ ಎಡಿಟರ್‌ಗೂ ಪ್ರತಿ ಭಾಷೆಗೂ ಬೇರೆ ಬೇರೆ ಪ್ಲಗ್‌ಇನ್ ಬರೆಯಬೇಕಿತ್ತು. ಈಗ ಒಂದು ಭಾಷೆಗೆ ಒಂದು ಸರ್ವರ್, ಯಾವ ಎಡಿಟರ್ ಬೇಕಾದರೂ ಅದನ್ನು ಕೇಳಬಹುದು: ಇದರ ವ್ಯಾಖ್ಯೆ ಎಲ್ಲಿದೆ, ಇದನ್ನು ಯಾರು ಬಳಸುತ್ತಾರೆ. ಇದು ಇಂಪೋರ್ಟ್‌ಗಳನ್ನು ಹಿಂಬಾಲಿಸುತ್ತದೆ, ಹಾಗಾಗಿ ಅಡ್ಡಹೆಸರು ಇದ್ದರೂ ಹಿಡಿಯುತ್ತದೆ. ಪೈಥಾನ್‌ಗೆ ಪೈರೈಟ್ ಅನ್ನುವ ಸರ್ವರ್ ಸಾಕು, ಕೋಡ್‌ನಲ್ಲಿ ತಪ್ಪು ಹುಡುಕಿ ಹೇಳುವುದೂ ಅದೇ. ವಿಎಸ್ ಕೋಡ್‌ನಲ್ಲಿ ನೀವು ದಿನಾ ಬಳಸುವ ‘ರೆಫರೆನ್ಸ್ ಹುಡುಕು’ ಇದೇ ದಾರಿಯಲ್ಲಿ ಬರುವುದು. ತಮಾಷೆ ಏನೆಂದರೆ ನಿಮ್ಮ ಎಡಿಟರ್‌ಗೆ ಉತ್ತರ ಗೊತ್ತಿತ್ತು. ಪಕ್ಕದ ಟರ್ಮಿನಲ್‌ನಲ್ಲಿ ಕೂತ ಎಐ ಅದನ್ನು ಕೇಳಲಿಲ್ಲ.

ಲ್ಯಾಂಗ್ವೇಜ್ ಸರ್ವರ್ ಮತ್ತು ಎಐ ಎರಡನ್ನೂ ಜೋಡಿಸಲು ಈಗ ಎಂಸಿಪಿ (ಎಐಗೆ ಹೊರಗಿನ ಉಪಕರಣಗಳನ್ನು ಜೋಡಿಸುವ ಒಪ್ಪಂದ) ಇದೆ, 2024ರ ನವೆಂಬರ್‌ನಲ್ಲಿ ಆಂಥ್ರೊಪಿಕ್ ತಂದದ್ದು. ಸೆರೀನಾ ಅನ್ನುವ ಓಪನ್ ಸೋರ್ಸ್ ಎಂಸಿಪಿ ಸರ್ವರ್ ಒಳಗೆ ಲ್ಯಾಂಗ್ವೇಜ್ ಸರ್ವರ್ ಓಡಿಸಿ, ಹೊರಗೆ ಎಐಗೆ ‘ಸಿಂಬಲ್ ಹುಡುಕು’, ‘ಇದನ್ನು ಉಲ್ಲೇಖಿಸುವವರನ್ನು ಹುಡುಕು’ ಅನ್ನುವ ಉಪಕರಣಗಳನ್ನು ಕೊಡುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತದೆ. ಇಂಟರ್‌ನೆಟ್ ಮೇಲಿನ ಸರ್ವರ್ ಏನೂ ಬೇಡ.

ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೆ ಸೆರೀನಾಗಿಂತ ಮೊದಲು ಬೇರೆ ಒಂದು ಮಾಡುತ್ತಿದ್ದೆ. ನಿಮ್ಮ ಕಥೆಯಲ್ಲಿ ನನ್ನ ಕಣ್ಣು ನಿಂತದ್ದು ಗ್ರೆಪ್ ಮೇಲಲ್ಲ, ಆ ಡಿಫಾಲ್ಟ್ ಮೇಲೆ. ‘ಹಳೆಯ ಕರೆಗಳು ಮುರಿಯದಿರಲಿ’ ಅಂತ ಎಐ ಹೇಳಿತಲ್ಲ, ಅಲ್ಲೇ ತಪ್ಪಿದ್ದು. ಮುರಿಯಬೇಕಿತ್ತು! ಡಿಫಾಲ್ಟ್ ಇಲ್ಲದೆ ಆರ್ಗ್ಯುಮೆಂಟ್ ಸೇರಿಸಿ, ಯಾವ ಕರೆಯನ್ನೂ ಮುಟ್ಟದೆ ಪೈರೈಟ್ ಓಡಿಸಿ. ಆರ್ಗ್ಯುಮೆಂಟ್ ಕೊಡದ ಪ್ರತಿ ಜಾಗದಲ್ಲೂ ಅದು ಬೊಬ್ಬೆ ಹೊಡೆಯುತ್ತದೆ. ಆ ಬೊಬ್ಬೆಯ ಪಟ್ಟಿಯೇ ನಿಮ್ಮ ನಕ್ಷೆ. ಅದನ್ನು ಎಐ ಕೈಗೆ ಕೊಟ್ಟು ‘ಇದು ಖಾಲಿ ಆಗುವವರೆಗೆ ಮಾಡು’ ಅನ್ನಿ. ಪಟ್ಟಿ ಕೈಯಲ್ಲಿದ್ದರೆ ಈ ಮಾಡೆಲ್‌ಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಪಟ್ಟಿಯನ್ನೇ ಊಹಿಸಲು ಬಿಟ್ಟರೆ ಕಷ್ಟ.

ಗೆಟ್‌ಆಟರ್ ವಿಷಯಕ್ಕೆ ಮಾತ್ರ ಕೋಡ್ ಬಿಡಿಸಿ ಓದುವ ಯಾವ ಪಾರ್ಸರ್ ಕೂಡ ನೆರವಿಗೆ ಬರುವುದಿಲ್ಲ. ಅದು ಕೋಡ್ ಅಲ್ಲ, ಡೇಟಾ. ಆ ಸಂಬಂಧವನ್ನು ನೀವೇ ಎಲ್ಲಾದರೂ ಬರೆದಿಡಬೇಕು.

---

ಎರಡನೇ ಕಾಫಿ ಉತ್ತರ:

ಹಳೇ ಟರ್ಮಿನಲ್ ಅವರ ಮಾತು ಬಹುಪಾಲು ಒಪ್ಪುತ್ತೇನೆ. ಆದರೆ ಗ್ರೆಪ್‌ಗೆ ಇಷ್ಟು ಬೈಯುವುದು ಸರಿಯಲ್ಲ.

ನಮ್ಮ ಟೀಮಿನಲ್ಲಿ ಕಳೆದ ವರ್ಷ ದೊಡ್ಡದಾಗಿ ಹೊರಟೆವು. ಇಡೀ ಕೋಡನ್ನು ತುಂಡು ಮಾಡಿ, ಎಂಬೆಡಿಂಗ್ ಹಾಕಿ (ಅರ್ಥವನ್ನು ಅಂಕಿಗಳಾಗಿ ಮಾಡಿ), ಅಂಥ ಅಂಕಿಗಳಲ್ಲಿ ಹುಡುಕುವ ವೆಕ್ಟರ್ ಡೇಟಾಬೇಸಿನಲ್ಲಿ ಇಟ್ಟೆವು. ಮೊದಲ ತಪ್ಪು, ತುಂಡು ಮಾಡಿದ್ದು ಸಾಲುಗಳ ಲೆಕ್ಕದಲ್ಲಿ. ಫಂಕ್ಷನ್‌ನ ತಲೆ ಒಂದು ತುಂಡಿನಲ್ಲಿ, ಹೊಟ್ಟೆ ಇನ್ನೊಂದರಲ್ಲಿ. ಅದನ್ನು ಟ್ರೀ-ಸಿಟರ್ ಹಾಕಿ ಸರಿ ಮಾಡಿದೆವು, ಫಂಕ್ಷನ್ ಮುಗಿಯುವಲ್ಲೇ ಕತ್ತರಿಸುವ ಹಾಗೆ. ಎರಡನೆಯ ತಪ್ಪು ಸರಿ ಆಗಲೇ ಇಲ್ಲ. ಇಂಡೆಕ್ಸ್ ಕಟ್ಟುತ್ತಿದ್ದದ್ದು ರಾತ್ರಿ. ಬೆಳಿಗ್ಗೆ ನಾನು ಅಳಿಸಿ ಹಾಕಿದ ಫಂಕ್ಷನ್‌ ಅನ್ನು ಸಂಜೆ ಎಐ ಬಹಳ ಭರವಸೆಯಿಂದ ಕರೆಯುತ್ತಿತ್ತು. ಹಳಸಿದ ನಕ್ಷೆ ಇರುವುದಕ್ಕಿಂತ ನಕ್ಷೆ ಇಲ್ಲದಿರುವುದು ವಾಸಿ. ಗ್ರೆಪ್ ಯಾವತ್ತೂ ಹಳಸುವುದಿಲ್ಲ, ಡಿಸ್ಕ್ ಮೇಲೆ ಈಗ ಏನಿದೆಯೋ ಅದನ್ನೇ ಹೇಳುತ್ತದೆ.

ನಿಮಗೆ ಇನ್ನೊಂದು ತೊಂದರೆ ಇದೆ, ಅದನ್ನು ಯಾರೂ ಹೇಳಲಿಲ್ಲ. ಹೆಸರುಗಳು ಕನ್ನಡದವು. ‘ಕಮಿಷನ್ ಲೆಕ್ಕ ಎಲ್ಲಿದೆ’ ಅಂತ ಕೇಳಿದರೆ ಎಐ ಹುಡುಕುವುದು ಕಮಿಷನ್ ಅನ್ನುವ ಇಂಗ್ಲಿಷ್ ಪದವನ್ನು. ನಿಮ್ಮಲ್ಲಿರುವುದು ದಲಾಲಿ. ಸಿಗದಿದ್ದರೆ ‘ಇಲ್ಲ’ ಅಂದುಕೊಂಡು ಹೊಸದೊಂದು ಬರೆದುಬಿಡುತ್ತದೆ. ಜೊತೆಗೆ ನಮ್ಮವರ ಸ್ಪೆಲ್ಲಿಂಗ್! ಕಡಿತ ಅಂತ ಬರೆಯಲು ಒಬ್ಬರು ಟಿ ಹಾಕುತ್ತಾರೆ, ಇನ್ನೊಬ್ಬರು ಟಿಎಚ್. ಹಾಗಾಗಿ ಒಂದು ಪದಕೋಶ ಮಾಡಿ. ನಲವತ್ತು ಪದ ಇದ್ದರೆ ಸಾಕು. ಈ ಪದ ಅಂದರೆ ಇದು, ಕೋಡ್‌ನಲ್ಲಿ ಈ ಎರಡು ಸ್ಪೆಲ್ಲಿಂಗ್‌ನಲ್ಲಿದೆ. ಅಸಿಸ್ಟೆಂಟ್ ಶುರುವಿನಲ್ಲೇ ಓದುವ ಸೂಚನೆಯ ಫೈಲ್ ಇರುತ್ತದಲ್ಲ, ಅದರಲ್ಲಿ ಹಾಕಿ.

ಏಡರ್ ಅನ್ನುವ ಓಪನ್ ಸೋರ್ಸ್ ಅಸಿಸ್ಟೆಂಟ್ ಮಾಡುವುದನ್ನೂ ನೋಡಿ. ಅದು ಮೊದಲು ಸಿಟ್ಯಾಗ್ಸ್ (ಹೆಸರುಗಳ ಸೂಚಿ ಮಾಡುವ ಹಳೆಯ ಸಾಧನ) ಬಳಸುತ್ತಿತ್ತು, 2023ರಲ್ಲಿ ಟ್ರೀ-ಸಿಟರ್‌ಗೆ ಬದಲಾಯಿತು. ಯಾವ ಫೈಲ್ ಯಾವ ಫೈಲ್‌ನ ಹೆಸರುಗಳನ್ನು ಬಳಸುತ್ತದೆ ಅಂತ ಗ್ರಾಫ್ ಕಟ್ಟಿ, ಗೂಗಲ್‌ನ ಪೇಜ್‌ರ‍್ಯಾಂಕ್ ತರದ ಲೆಕ್ಕ ಹಾಕಿ, ಮುಖ್ಯವಾದ ಕ್ಲಾಸ್ ಮತ್ತು ಫಂಕ್ಷನ್‌ಗಳ ತಲೆಬರಹ ಮಾತ್ರ ಮಾಡೆಲ್‌ಗೆ ಕೊಡುತ್ತದೆ. ಡಿಫಾಲ್ಟ್ ಆಗಿ ಸುಮಾರು ಒಂದು ಸಾವಿರ ಟೋಕನ್ ಅಷ್ಟೆ. ಆರು ಲಕ್ಷದ ಜಾಗದಲ್ಲಿ ಒಂದು ಸಾವಿರ! ಊರಿನ ಪೂರ್ತಿ ಜನಗಣತಿ ಬೇಡ, ಮುಖ್ಯ ರಸ್ತೆ ಯಾವುದು ಅಂತ ಗೊತ್ತಿದ್ದರೆ ಉಳಿದದ್ದನ್ನು ಅದೇ ಕೇಳಿಕೊಂಡು ಹೋಗುತ್ತದೆ.

---

ತೋಟದಮನೆ ಉತ್ತರ (ಒಂಬತ್ತು ದಿನದ ನಂತರ):

ತಡ ಆಯಿತು. ಮರ ಬಿದ್ದು ಎರಡು ದಿನ ಕರೆಂಟ್ ಇರಲಿಲ್ಲ.

ಹಳೇ ಟರ್ಮಿನಲ್ ಹೇಳಿದ್ದನ್ನೇ ಮೊದಲು ಮಾಡಿದೆ. ಗಿಟ್‌ನಲ್ಲಿ ಬದಲಾವಣೆಗೆ ಮೊದಲಿನ ಕೋಡ್‌ಗೆ ಹೋಗಿ ಪೈರೈಟ್ ಓಡಿಸಿದೆ. ಎದೆ ಧಸಕ್ ಅಂತು. 1,140 ತಪ್ಪು! ನನ್ನ ಬದಲಾವಣೆಗೆ ಮೊದಲೇ. ಬಹುಪಾಲು ಜ್ಯಾಂಗೊ ಓಡುವಾಗ ತಾನೇ ಹುಟ್ಟಿಸುವ ಗುಣಗಳ ಬಗ್ಗೆ. ರೈತ ಅನ್ನುವ ಮಾಡೆಲ್‌ಗೆ ಬಿಲ್ಲುಗಳ ಸೆಟ್ ಅಂತ ಒಂದು ಬರುತ್ತದಲ್ಲ, ಅದು ಪೈರೈಟ್‌ಗೆ ಗೊತ್ತಿಲ್ಲ. ಬಿಟ್ಟುಬಿಡೋಣ ಅಂತಿದ್ದೆ. ಆಮೇಲೆ ಸುಮ್ನೆ ಒಂದು ಯೋಚನೆ ಬಂತು. ಆ ಪಟ್ಟಿಯನ್ನು ಒಂದು ಫೈಲ್‌ಗೆ ಹಾಕಿದೆ. ಡಿಫಾಲ್ಟ್ ಇಲ್ಲದೆ ಆರ್ಗ್ಯುಮೆಂಟ್ ಸೇರಿಸಿ ಮತ್ತೆ ಓಡಿಸಿ ಇನ್ನೊಂದು ಫೈಲ್‌ಗೆ ಹಾಕಿದೆ. ಎರಡರ ನಡುವೆ ಡಿಫ್. ಹೊಸದಾಗಿ ಬಂದದ್ದು ನಾಲ್ಕೇ ಸಾಲು. ಮೂರು ಹಳೆಯವು, ನಾಲ್ಕನೆಯದು ವಾರ್ಷಿಕ ಖಾತೆಯ ‘ಸಿಕೆ’. ಕುರ್ಚಿಯಿಂದ ಎದ್ದು ಒಂದು ಸುತ್ತು ಹಾಕಿ ಬಂದೆ.

ಈಗ ಸೂಚನೆಯ ಫೈಲ್‌ನಲ್ಲಿ ಬರೆದಿದ್ದೇನೆ: ಫಂಕ್ಷನ್ ತಲೆಬರಹ ಬದಲಿಸುವಾಗ ಡಿಫಾಲ್ಟ್ ಇಡಬೇಡ, ಮೊದಲು ಹೀಗೆ ಪಟ್ಟಿ ತೆಗೆ, ಪಟ್ಟಿ ನನಗೆ ತೋರಿಸು, ಆಮೇಲೆ ಕೈ ಹಾಕು. ಹತ್ತರಲ್ಲಿ ಎಂಟು ಸಲ ಹೇಳಿದ ಹಾಗೆ ಮಾಡುತ್ತದೆ. ಇನ್ನೆರಡು ಸಲ ನಾನು ನೆನಪಿಸಬೇಕು.

ಸೆರೀನಾ ಕೂಡ ಹಾಕಿದೆ. ಅದರ ಉಪಯೋಗ ಗೊತ್ತಾದದ್ದು ‘ಒಟ್ಟು’ ವಿಷಯದಲ್ಲಿ. ಬಿಲ್ಲು, ಖಾತೆ, ಗೋದಾಮು, ಮೂರು ಕ್ಲಾಸ್‌ಗಳಲ್ಲೂ ಒಟ್ಟು ಅನ್ನುವ ಮೆಥಡ್ ಇದೆ. ಗ್ರೆಪ್ ಮಾಡಿದರೆ 214 ಸಾಲು ಬರುತ್ತದೆ, ಕಾಮೆಂಟ್ ಕೂಡ ಸೇರಿ. ಗೋದಾಮಿನ ಒಟ್ಟು ಯಾರು ಬಳಸುತ್ತಾರೆ ಅಂತ ಈ ದಾರಿಯಲ್ಲಿ ಕೇಳಿದರೆ 17. ಆದರೆ 17 ಪೂರ್ತಿ ಅಲ್ಲ. ಆರ್ಗ್ಯುಮೆಂಟ್‌ಗೆ ಟೈಪ್ ಬರೆಯದ ಫಂಕ್ಷನ್ ಒಳಗೆ ಬಳಸಿದ್ದರೆ ಅದು ಯಾವ ಕ್ಲಾಸಿನದು ಅಂತ ಅದಕ್ಕೂ ಗೊತ್ತಾಗುವುದಿಲ್ಲ. ಅಂಥವು ಐದು ಸಿಕ್ಕಿದವು, ಕೈಯಾರೆ ಹುಡುಕಿ. ಆ ಐದು ಕಡೆ ಟೈಪ್ ಬರೆದೆ. ಈಗ 22 ಬರುತ್ತದೆ. ಟೈಪ್ ಬರೆಯುವುದು ಶೋಕಿ ಅಂದುಕೊಂಡಿದ್ದೆ ಇಷ್ಟು ದಿನ.

ಡೇಟಾಬೇಸ್ ಟೇಬಲ್‌ಗೆ ನಲವತ್ತು ಸಾಲಿನ ಒಂದು ಸ್ಕ್ರಿಪ್ಟ್ ಬರೆದೆ. ಅದು ಮೂರೂ ಮಂಡಿಯ ಟೇಬಲ್ ಓದಿ, ‘ಚೀಲ_ಕಡಿತವನ್ನು ತಿಂಗಳ ರಿಜಿಸ್ಟರ್ ಟೇಬಲ್ ಮೂಲಕ ಕರೆಯುತ್ತದೆ’ ಅಂತ ಸಾದಾ ವಾಕ್ಯಗಳಲ್ಲಿ ಒಂದು ಫೈಲ್ ಮಾಡುತ್ತದೆ. ಕಮಿಟ್ ಮಾಡುವಾಗಲೆಲ್ಲ ತಾನಾಗಿ ಓಡುತ್ತದೆ, ಹಳಸಬಾರದಲ್ಲ. ಟೇಬಲ್‌ನ ಪ್ರತಿ ಹೆಸರನ್ನೂ ಎತ್ತಿ ಓಡಿಸಿ ನೋಡುವ ಒಂದು ಟೆಸ್ಟ್ ಕೂಡ ಸೇರಿಸಿದೆ. ಆ ಟೆಸ್ಟ್ ಮೊದಲ ದಿನವೇ ಬಿತ್ತು. ಒಂದು ಮಂಡಿಯ ಟೇಬಲ್‌ನಲ್ಲಿ ಈಗ ಇಲ್ಲದ ಫಂಕ್ಷನ್ ಹೆಸರಿತ್ತು. ಆ ರಿಪೋರ್ಟನ್ನು ಅವರು ಯಾವತ್ತೂ ತೆಗೆದಿಲ್ಲ, ಹಾಗಾಗಿ ಗೊತ್ತಾಗಿಲ್ಲ.

ಪದಕೋಶ 53 ಪದ ಆಯಿತು. ಅದನ್ನು ಬರೆಯಲು ಮುನೀಮರ ಹತ್ತಿರ ಅರ್ಧ ದಿನ ಕೂತೆ. ಕೋಡ್‌ನಲ್ಲಿ ‘ಸರಕು’ ಅಂದರೆ ಮಾಲು ಅಂತ ನಾಲ್ಕು ವರ್ಷ ಅಂದುಕೊಂಡಿದ್ದೆ. ಬರೆದವರು ಶಿವಮೊಗ್ಗ ಕಡೆಯವರಂತೆ. ಅಲ್ಲಿ ಅದು ಅಡಿಕೆಯ ಒಂದು ದರ್ಜೆ! ಎಐಗೆ ಹೇಳಿಕೊಡಲು ಹೋಗಿ ನಾನು ಕಲಿತೆ.

ಉಳಿದದ್ದು ಟೆಂಪ್ಲೇಟ್, ಅಂದರೆ ಪುಟದ ಅಚ್ಚು. ಜ್ಯಾಂಗೊ ಎಚ್‌ಟಿಎಂಎಲ್ ಒಳಗೆ ‘ಬಿಲ್ಲು ಚುಕ್ಕೆ ಒಟ್ಟು’ ಅಂತ ಬರೆದರೆ ಅದನ್ನು ಪೈರೈಟ್ ನೋಡುವುದೇ ಇಲ್ಲ. ಅದಕ್ಕೇನಾದರೂ ಇದೆಯಾ?

---

ಹಳೇ ಟರ್ಮಿನಲ್ ಉತ್ತರ:

ಟೆಂಪ್ಲೇಟ್‌ಗೆ ಗ್ರೆಪ್ ಮಾಡಿ. ನಗಬೇಡಿ. ಎಚ್‌ಟಿಎಂಎಲ್ ಫೋಲ್ಡರ್‌ನಲ್ಲಿ ಮಾತ್ರ, ಚುಕ್ಕೆ ಸೇರಿಸಿ. ಎರಡನೇ ಕಾಫಿಯವರು ಗೆದ್ದರು ಅಂತ ಬರೆದುಕೊಳ್ಳಿ.

ಆ 1,140ರ ಡಿಫ್ ಉಪಾಯ ಚೆನ್ನಾಗಿದೆ. ನಾನು ಕದಿಯುತ್ತಿದ್ದೇನೆ.

---

ಎರಡನೇ ಕಾಫಿ ಉತ್ತರ:

ಬರೆದುಕೊಂಡೆ 🙂 ಆ ನಲವತ್ತು ಸಾಲಿನ ಸ್ಕ್ರಿಪ್ಟ್ ಇಲ್ಲಿ ಹಾಕಲು ಆಗುತ್ತದಾ? ನಮ್ಮಲ್ಲೂ ಇಂಥದೇ ಒಂದು ಟೇಬಲ್ ಇದೆ, ಯಾರೂ ಅದರ ಹತ್ತಿರ ಹೋಗುವುದಿಲ್ಲ.

---

ತೋಟದಮನೆ ಉತ್ತರ:

ಹಾಕುತ್ತೇನೆ. ಮಂಡಿಯವರ ದರದ ವಿವರ ಅದರಲ್ಲಿ ಸೇರಿಕೊಂಡಿದೆ, ತೆಗೆದು ಶನಿವಾರದ ಹೊತ್ತಿಗೆ ಹಾಕುತ್ತೇನೆ.

ನಿನ್ನೆ ಮುನೀಮರು ಮತ್ತೆ ಫೋನ್ ಮಾಡಿದ್ದರು. ಈಗ ಮೂರನೇ ತರದ ಚೀಲವೂ ಬರುತ್ತಿದೆಯಂತೆ, ಹೊರಗೆ ಗೋಣಿ, ಒಳಗೆ ಪ್ಲಾಸ್ಟಿಕ್. ತೂಕ ಎಷ್ಟು ಹಿಡಿಯಬೇಕು ಅಂತ ಕೇಳಿದೆ. ಅದು ಅವರಲ್ಲೇ ಇನ್ನೂ ಜಗಳದಲ್ಲಿದೆ.